ನಾಣಿಯನ್ನು ಕೇಳಿದವರಾರು?

ಯು. ಆರ್. ಅನಂತಮೂರ್ತಿಯವರ ‘ಘಟಶ್ರಾದ್ಧ’ ಕಥೆಯನ್ನೂ, ಅದನ್ನಾಧರಿಸಿ ಗಿರೀಶ ಕಾಸರವಳ್ಳಿಯವರು 1977ರಲ್ಲಿ ನಿರ್ದೇಶಿಸಿದ ಚಿತ್ರವನ್ನೂ ಕುರಿತ ವಿಮರ್ಶೆ ಬಹುಮಟ್ಟಿಗೆ ಯಮುನಕ್ಕನನ್ನು ಕುರಿತದ್ದು. ಅದು ಸಹಜವೇ. ಬದುಕಿರುವ ಮಗಳಿಗೆ ತಂದೆಯೇ ಶ್ರಾದ್ಧ ಮಾಡಿ ಮುಗಿಸುವ ಆ ಕ್ರೌರ್ಯದ ಮುಂದೆ ಉಳಿದುದೆಲ್ಲ ಮಸುಕಾಗುತ್ತದೆ. ಆದರೆ ಈ ಕಥೆಯಲ್ಲಿ ಇನ್ನೊಬ್ಬ ಗಾಯಾಳು ಉಂಟು. ವೇದಪಾಠಕ್ಕೆಂದು ಮನೆ ಬಿಟ್ಟು ಬಂದ ಬಾಲಕ ನಾಣಿ.

ಅವನು ಕಂಡದ್ದೇನು? ದೊಡ್ಡ ವಟುಗಳ ಕಿರುಕುಳದಿಂದ ತನ್ನನ್ನು ಕಾಪಾಡಿ, ತಾಯಿಯ ಸ್ಥಾನದಲ್ಲಿ ನಿಂತ ಹೆಂಗಸು ದಿನೇ ದಿನೇ ಕುಗ್ಗುವುದನ್ನು ಕಂಡನು. ಅವಳು ಸಾಯಬೇಕೆಂದು ಹಾವಿನ ಹುತ್ತದೊಳಗೆ ಕೈಯಿಕ್ಕುವುದನ್ನು ಕಂಡನು. ಕೊನೆಗೆ ತಲೆ ಬೋಳಿಸಿಕೊಂಡು ಮರದಡಿ ಒಂಟಿಯಾಗಿ ಕುಳಿತವಳನ್ನು ಹಿಂದಿರುಗಿ ನೋಡುತ್ತಲೇ ತಂದೆಯೊಡನೆ ಊರು ಬಿಟ್ಟನು. ವಯಸ್ಸಿಗೆ ಮೀರಿದ ಗುಟ್ಟೊಂದನ್ನು ಹೊತ್ತು ತಿರುಗಿದ ಈ ಹುಡುಗನಿಗೆ ಏನಾಗಿದೆಯೆಂಬುದು ಅಗ್ರಹಾರದ ಪ್ರಶ್ನೆಯೇ ಅಲ್ಲ. ಶೀಲವನ್ನು ಪರೀಕ್ಷಿಸಲು ಸಭೆ ಸೇರಬಲ್ಲ ಊರು, ಮಗುವಿನ ಭಯವನ್ನು ವಿಚಾರಿಸಲು ಸೇರದು. ಹೊರಹಾಕುವುದಕ್ಕೆ ವಿಧಿಯುಂಟು, ಮಂತ್ರವುಂಟು. ಕಂಡು ನಡುಗಿದವನನ್ನು ಸಂತೈಸುವುದಕ್ಕೆ ಒಂದು ಮಾತೂ ಇಲ್ಲ.

ಬಾಲ್ಯದ ಆಘಾತವನ್ನು ಅಳೆಯಲು ಅಮೆರಿಕದಲ್ಲಿ ಫೆಲಿಟ್ಟಿ, ಆಂಡಾ ಮೊದಲಾದವರು 1998ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಈಗ ಎಲ್ಲೆಡೆ ಪ್ರಮಾಣವೆಂದು ಉದ್ಧರಿಸುತ್ತಾರೆ. ಒಂಬತ್ತು ಸಾವಿರಕ್ಕೂ ಮಿಕ್ಕ ವಯಸ್ಕರನ್ನು ಕೇಳಿ, ಎಳವೆಯ ಕಹಿ ಹೆಚ್ಚಿದಷ್ಟೂ ಮುಂದೆ ರೋಗವೂ ಹೆಚ್ಚೆಂದು ಅವರು ತೋರಿಸಿದರು. ಆ ಕೆಲಸದ ಹಿರಿಮೆಯನ್ನು ಅಲ್ಲಗಳೆಯುವಂತಿಲ್ಲ. ಆದರೆ ಅವರು ಎಣಿಸಿದ ಏಳು ಬಗೆಯ ಕಹಿಗಳಲ್ಲಿ ಹೆಚ್ಚಿನವು ಮನೆಯೊಳಗಿನವು: ಬಡಿತ, ಬಯ್ಗುಳ, ಕುಡಿತ, ಸೆರೆವಾಸ ಇತ್ಯಾದಿ. ನಾಣಿಯನ್ನು ಆ ಪಟ್ಟಿಯೆದುರು ನಿಲ್ಲಿಸಿದರೆ ಅವನ ಗಾಯಕ್ಕೆ ಹೆಸರೇ ದೊರೆಯದು. ಅವನನ್ನು ಗಾಯಗೊಳಿಸಿದ್ದು ಊರು, ಅದೂ ಶಾಸ್ತ್ರವನ್ನು ಮುಂದಿಟ್ಟುಕೊಂಡು. ಹಾಗಿರುವಾಗ ‘ಸಮುದಾಯವೇ ಮದ್ದು’ ಎಂದು ಉತ್ಸಾಹದಿಂದ ಹೇಳುವವರು ಈ ಚಿತ್ರವನ್ನೊಮ್ಮೆ ನೋಡುವುದು ಒಳಿತು. 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಅದರ ಪುನರುಜ್ಜೀವಿತ ಪ್ರತಿ ತೆರೆಕಂಡಿತು. ಸಿಕ್ಕದೆಂಬ ನೆಪಕ್ಕೆ ಇನ್ನು ಬಲವಿಲ್ಲ.

ಈ ಲೇಖನವನ್ನು ಬರೆಯುತ್ತಿರುವ ಲಕ್ಷ್ಮೀ ನಗರದಲ್ಲಿ, ಲಲಿತಾ ಪಾರ್ಕಿನ ಐದು ಅಂತಸ್ತಿನ ಕಟ್ಟಡವೊಂದು 15 ನವೆಂಬರ್ 2010ರ ಸಂಜೆ ಕುಸಿಯಿತು. ಯಮುನೆಯ ನೀರು ನೆಲಮಾಳಿಗೆಯಲ್ಲಿ ನಿಂತು ತಳಪಾಯ ಸಡಿಲವಾಗಿತ್ತೆಂದು ಆಗ ಹೇಳಿದರು. ಸತ್ತವರು ಎಪ್ಪತ್ತರ ಹತ್ತಿರ. ಹೆಚ್ಚಿನವರು ಬಂಗಾಳ, ಬಿಹಾರಗಳಿಂದ ದುಡಿಯಲು ಬಂದವರು. (ಯಮುನೆಯೆಂಬ ಹೆಸರು ಎರಡು ಕಡೆಯೂ ಬಂದುದು ಕಾಕತಾಳೀಯ, ಅದರಿಂದ ಅರ್ಥ ಹಿಂಡುವ ಚಪಲ ನಮಗಿಲ್ಲ.) ಇಂಥ ದುರಂತಗಳಲ್ಲಿ ಸತ್ತವರನ್ನು ಎಣಿಸುವುದು, ಪರಿಹಾರ ಹಂಚುವುದು ವಾಡಿಕೆ. ಎದುರು ಮಹಡಿಯಿಂದ ಅದನ್ನು ನೋಡಿದ ಮಕ್ಕಳನ್ನು ಎಣಿಸುವುದು ವಾಡಿಕೆಯಲ್ಲಿಲ್ಲ.

ಹಾಗೆಂದು ದಾರಿಯೇ ಇಲ್ಲವೆನ್ನಲಾಗದು, ಮತ್ತು ಅದಕ್ಕೆ ಕನ್ನಡ ನಾಡಿನಲ್ಲೇ ಮೇಲ್ಪಂಕ್ತಿಯುಂಟು. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ಮನೋರೋಗದ ಆರೈಕೆಯನ್ನು ಕಲಿಸಿತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಆದರೆ ಉನ್ಮಾದ, ಅಪಸ್ಮಾರಗಳನ್ನು ಗುರುತಿಸಿದ ಆ ಬಲೆಗೆ ಸುಮ್ಮನಾಗಿಬಿಟ್ಟ ಹುಡುಗ ಸುಲಭವಾಗಿ ಬೀಳುವವನಲ್ಲ. ಸಂಕಷ್ಟದಲ್ಲಿರುವ ಮಕ್ಕಳೊಡನೆ ಕೆಲಸ ಮಾಡುವವರನ್ನು ತರಬೇತುಗೊಳಿಸಲೆಂದು ಅದೇ ಸಂಸ್ಥೆಯಲ್ಲಿ 2020ರಲ್ಲಿ ‘ಸಂವಾದ್’ ಮೊದಲಾಯಿತು. ಹೆಸರು ಸಾರ್ಥಕವಾಗಿದೆ, ನಾಣಿಗೆ ಇಲ್ಲದೆಹೋದದ್ದು ಅದೇ.

ನಮ್ಮಂಥ ಸಂಘಗಳು ಪರಊರಿನಲ್ಲಿ ಮಕ್ಕಳಿಗಾಗಿ ನಡೆಸುವುದೇನು? ರಾಜ್ಯೋತ್ಸವದ ಹಾಡು, ಕುಣಿತ, ಭಾಷಣಸ್ಪರ್ಧೆ. ಅವು ಬೇಕು. ಆದರೆ ವರ್ಗಾವಣೆಯಲ್ಲಿ ಮೂರು ಶಾಲೆ ಬದಲಿಸಿ ಬಂದ ಹುಡುಗಿ ಅಭ್ಯಾಸದ ನಡುವೆ ಮಾತು ನಿಲ್ಲಿಸಿದರೆ ನಾವು ನೋಡುವುದು ಹಾಡು ಕೆಟ್ಟಿತೆಂದು. ಅವಳ ತಾಯಿಯನ್ನು ಕರೆದು ವಿಚಾರಿಸಲು ಹೋದರೆ ಸಮಾಚಾರ ಹತ್ತು ಮನೆ ಸುತ್ತುತ್ತದೆಂಬ ಅಂಜಿಕೆ ಬೇರೆ, ಮತ್ತು ಆ ಅಂಜಿಕೆ ಸುಳ್ಳಲ್ಲ. ಕೇಳಿದ್ದನ್ನು ಹೊರಗೆ ಆಡದ ಒಬ್ಬಿಬ್ಬರನ್ನಾದರೂ ತರಬೇತಿಗೆ ಕಳುಹಿಸಿ, ವಾರಕ್ಕೊಂದು ಸಂಜೆ ಅವರನ್ನು ಮಕ್ಕಳ ಜೊತೆ ಕೂರಿಸಲು ನಮ್ಮ ಕಾರ್ಯಕಾರಿ ಸಮಿತಿ ಒಪ್ಪೀತೇ? ಬರುವ ಸರ್ವಸದಸ್ಯರ ಸಭೆಯಲ್ಲಿ ಈ ಪ್ರಶ್ನೆಯನ್ನೆತ್ತುವ ಉದ್ದೇಶದಿಂದಲೇ ಇಷ್ಟು ಬರೆದುದಾಯಿತು.