ಅರ್ಜಿ ತುಂಬಿಸಿದ ಮೇಲೆ

ಕುಮಟಾದ ಒಂದು ಸೈಬರ್ ಅಂಗಡಿ. ಹೊನ್ನಾವರ ಕಡೆಯ ಹುಡುಗನೊಬ್ಬ ಸೇನೆ ಸೇರಲು ಅಗ್ನಿವೀರ್ ಅರ್ಜಿ ತುಂಬಿಸುತ್ತಿದ್ದ. ಆಧಾರ್ ನಂಬರು, ಅಪ್ಪನ ಹೆಸರು, ಮೊಬೈಲಿಗೆ ಬಂದ ಓಟಿಪಿ ಎಲ್ಲವನ್ನೂ ಗಟ್ಟಿಯಾಗಿ ಓದಿ ಹೇಳಿದ. ಹಿಂದೆ ಸರದಿಯಲ್ಲಿದ್ದ ನನಗೂ ಅವನ ಜನ್ಮದಿನಾಂಕ ಬಾಯಿಪಾಠವಾಯಿತು. ಅವನು ಎದ್ದುಹೋದ ಮೇಲೂ ಫೋಟೊ, ಸಹಿ, ಅಂಕಪಟ್ಟಿ ಆ ಕಂಪ್ಯೂಟರಿನ ಪರದೆ ಮೇಲೇ ಕೂತಿದ್ದವು.

ಸೇನೆಗೆ ಹುಡುಗರನ್ನು ಹುಡುಕುವ ದಾರಿ ಅಮೆರಿಕದಲ್ಲಿ ಬೇರೆಯೇ. ಅಲ್ಲಿನ 2001ರ ಶಾಲಾ ಕಾಯ್ದೆಯಲ್ಲಿ ಬಂದ ನಿಯಮದ ಪ್ರಕಾರ, ಕೇಂದ್ರದ ಅನುದಾನ ಪಡೆಯುವ ಹೈಸ್ಕೂಲುಗಳು ಸೇನೆಯವರು ಕೇಳಿದರೆ ಮಕ್ಕಳ ಹೆಸರು, ವಿಳಾಸ, ಫೋನ್ ನಂಬರು ಕೊಡಬೇಕು. ಬೇಡವೆಂದು ಬರೆದುಕೊಟ್ಟವರಿಗೆ ಮಾತ್ರ ವಿನಾಯಿತಿ. ಕಾಲೇಜುಗಳಿಗೆ ಸಾಲೊಮನ್ ತಿದ್ದುಪಡಿಯ ಬೆದರಿಕೆ: ಪಟ್ಟಿ ಕೊಡದಿದ್ದರೆ ಅನುದಾನ ಖೋತಾ. ಸುಮ್ಮನಿದ್ದವನು ಒಪ್ಪಿದ ಎನ್ನುವ ಈ ಲೆಕ್ಕ ನನಗೆ ಹಿಡಿಸದು. ನಮ್ಮಲ್ಲಿ ಹುಡುಗನೇ ಹೋಗಿ ಅರ್ಜಿ ಹಾಕಬೇಕು. ಹದಿನೇಳೂವರೆ ವರ್ಷ ತುಂಬಿದರೆ ಅರ್ಹತೆ; 18 ತುಂಬದವನಿಗೆ ಮನೆಯವರ ಸಹಿಯೂ ಬೇಕು. ಆ ಮಟ್ಟಿಗೆ ನಮ್ಮದೇ ವಾಸಿ.

ಕಾಗದದ ಹಸಿವಿನಲ್ಲಿ ಮಾತ್ರ ವಾಸಿಯಲ್ಲ. ಸೇನಾ ಭರ್ತಿ ರ‍್ಯಾಲಿಗೆ ಕಾಲೇಜಿನ ನಡತೆ ಪತ್ರ, ಊರಿನ ನಡತೆ ಪತ್ರ, ಮದುವೆಯಾಗಿಲ್ಲವೆಂಬ ಪತ್ರ, ಜಾತಿ, ಧರ್ಮ, ಜೊತೆಗೆ ಜೆರಾಕ್ಸಿನ ಕಟ್ಟು. 1.6 ಕಿಲೋಮೀಟರ್ ಓಟದಲ್ಲಿ ಹಿಂದುಳಿದವನ ಕಟ್ಟು ಆಮೇಲೆ ಏನಾಯಿತೆಂದು ಅವನೂ ಕೇಳುವುದಿಲ್ಲ, ಅವನ ಕಾಲೇಜೂ ಕೇಳುವುದಿಲ್ಲ.

ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ; ಆಧಾರ್ ಪ್ರಶ್ನಿಸಿ 2012ರಲ್ಲೇ ಕೋರ್ಟಿಗೆ ಹೋಗಿದ್ದರು. 2023ರ ದತ್ತಾಂಶ ರಕ್ಷಣಾ ಕಾಯ್ದೆ ಸಾಮಾನ್ಯವಾಗಿ ಒಪ್ಪಿಗೆ ಕೇಳಿಯೇ ಮಾಹಿತಿ ಬಳಸಿ ಎನ್ನುತ್ತದೆ, ಬೇಡವಾದ ಮೇಲೆ ಅಳಿಸಿ ಎನ್ನುತ್ತದೆ. ಅದೇ ಕಾಯ್ದೆಯ 17ನೇ ಕಲಮು ದೇಶದ ಭದ್ರತೆಯ ಹೆಸರಿನಲ್ಲಿ ಸರ್ಕಾರಿ ಸಂಸ್ಥೆಗಳನ್ನು ಇಡಿಯಾಗಿ ಹೊರಗಿಡಲು ಕೇಂದ್ರಕ್ಕೆ ಬಿಟ್ಟುಕೊಟ್ಟಿದೆ. ಗಡಿಯ ಗುಟ್ಟಿಗೆ ಈ ಬಾಗಿಲು ಇರಲಿ. ಓಟದಲ್ಲಿ ಸೋತವನ ಜಾತಿ ಪತ್ರಕ್ಕೆ ಯಾಕೆ?

ಇನ್ನು ಆ ಅಂಗಡಿಯ ಕಂಪ್ಯೂಟರು. ಅದಕ್ಕೆ ಭದ್ರತೆಯ ನೆಪವೂ ಇಲ್ಲ. ಅರ್ಜಿಯನ್ನು ಕಾಲೇಜಿನ ಲ್ಯಾಬಿನಲ್ಲೇ ತುಂಬಿಸಿ, ಫೈಲು ಅಳಿಸಿ ಕಳಿಸಿದರೆ ಖರ್ಚೇನೂ ಇಲ್ಲ.

ಅಷ್ಟರಲ್ಲಿ ನನ್ನ ಸರದಿ ಬಂತು. ‘ಆಧಾರ್ ಕೊಡಿ, ಓಟಿಪಿ ಬಂದ್ರೆ ಹೇಳಿ’ ಎಂದ ಅಂಗಡಿಯವ. ಗಟ್ಟಿಯಾಗಿಯೇ ಹೇಳಿದೆ.