ಓದಿ ಮುಗಿಸಿದ ತಾರೀಖು

ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆ ಪುಸ್ತಕದ ರಾಶಿಯಲ್ಲಿ 1993ರಲ್ಲಿ ನನಗೆ ‘ಮರಳಿ ಮಣ್ಣಿಗೆ’ಯ ಒಂದು ಪ್ರತಿ ಸಿಕ್ಕಿತು. ಮುಖಪುಟ ಕಿತ್ತುಹೋಗಿತ್ತು. ಬೆನ್ನಿಗೆ ಯಾರೋ ಖಾಕಿ ಕಾಗದ ಅಂಟಿಸಿ ಒಪ್ಪ ಮಾಡಿದ್ದರು. ಕಾದಂಬರಿ ಮುಗಿಯುವ ಪುಟದ ಅಡಿಯ ಖಾಲಿ ಜಾಗದಲ್ಲಿ ಪೆನ್ಸಿಲಿನಿಂದ ಒಂದರ ಕೆಳಗೊಂದು ಮೂರು ತಾರೀಖು ಬರೆದಿತ್ತು: 11-5-1958, 2-10-1971, 20-1-1989. ಮೊದಲ ಸಾಲಿನ ಅಂಕಿಗಳು ದುಂಡಗೆ, ಕಾಗದ ತಗ್ಗಾಗುವಷ್ಟು ಒತ್ತಿ ಬರೆದವು. ಮೂರನೆಯ ಸಾಲು ನಡುಗುವ ಕೈಯದು. ಹೆಸರಿಲ್ಲ, ಊರಿಲ್ಲ, ಚೆನ್ನಾಗಿದೆ ಎಂಬ ಒಂದು ಮಾತೂ ಇಲ್ಲ. ಒಂದು ಜೀವ ಮೂವತ್ತೊಂದು ವರ್ಷಗಳಲ್ಲಿ ಮೂರು ಸಲ ಕಾರಂತರ ಆ ಕಡಲ ಕರೆಯ ಊರಿಗೆ ಹೋಗಿಬಂದಿತ್ತು.

ಅಷ್ಟು ಹೊತ್ತಿಗೆ ನಾನು ಓದಿದ ಪುಸ್ತಕಗಳ ಪಟ್ಟಿ ಇಡಲು ತೊಡಗಿ ಹತ್ತು ವರ್ಷವಾಗಿತ್ತು. ಕ್ರಮಸಂಖ್ಯೆ, ಪುಸ್ತಕ, ಲೇಖಕರು, ತಿಂಗಳು, ಕೊನೆಗೆ ಒಂದು ಸಾಲಿನ ಟಿಪ್ಪಣಿ. ಒಮ್ಮೆ ಪಟ್ಟಿಗೆ ಸೇರಿದ ಪುಸ್ತಕವನ್ನು ಮತ್ತೆ ಓದಿದರೆ ಬರೆಯುತ್ತಿರಲಿಲ್ಲ. ಅದರ ಲೆಕ್ಕ ಮುಗಿದಿದೆಯೆಂದು ತಿಳಿದಿದ್ದೆ. ಆ ಮೂರು ತಾರೀಖು ನೋಡಿದ ಮೇಲೆ ನನ್ನ ಪಟ್ಟಿಯ ಬುಡವೇ ತಪ್ಪೆಂದು ಹೊಳೆಯಿತು. ನಾನು ಎಣಿಸುತ್ತಿದ್ದದ್ದು ಪುಸ್ತಕಗಳನ್ನು, ಬರೆದಿಡಬೇಕಾದದ್ದು ಓದನ್ನು. ಹಾಗೆ ನೋಡಿದರೆ ಪ್ರತಿ ಮರು ಓದಿಗೂ ಹೊಸ ಸಾಲು ಬೇಕು, ಹೊಸ ಸಂಖ್ಯೆ ಬೇಕು. ಆ ಪ್ರತಿಯನ್ನು ಎರಡು ವಾರದಲ್ಲಿ ಓದಿ ಮುಗಿಸಿ ನಾಲ್ಕನೆಯ ತಾರೀಖನ್ನು ನಾನು ಬರೆದೆ. ಅಂದಿನಿಂದ ಈ ನಿಯಮವನ್ನು ಒಮ್ಮೆಯೂ ಮುರಿದಿಲ್ಲ.

‘ಮರಳಿ ಮಣ್ಣಿಗೆ’ ನನ್ನ ಖಾತೆಯಲ್ಲಿ ಈಗ ಮೂರು ಕಡೆ ಇದೆ. ಇಪ್ಪತ್ತೆರಡನೆಯ ವಯಸ್ಸಿನ ಸಾಲಿನಲ್ಲಿ ಬರೀ ಮೊಮ್ಮಗ ರಾಮನ ಮಾತು. ಓದು ಮುಗಿಸಿ ಕೆಲಸ ಹುಡುಕಿಕೊಂಡು ಅಲೆಯುವ ಅವನಲ್ಲಿ ನನ್ನನ್ನೇ ಕಂಡ ದಿನಗಳವು. ಮೂವತ್ತೊಂದರಲ್ಲಿ ಓದಿದಾಗ ಮನೆ ಹಾಳುಮಾಡಿದ ಲಚ್ಚನ ಮೇಲೆ ಸಿಟ್ಟು. ಐವತ್ತನಾಲ್ಕರ ಸಾಲಿನಲ್ಲಿ ಅವರಿಬ್ಬರ ಹೆಸರೂ ಇಲ್ಲ. ಅಲ್ಲಿರುವುದು ಪಾರೋತಿ ಮತ್ತು ಸರಸೋತಿ; ಕಡಲ ಬದಿಯ ಆ ಮನೆಯನ್ನು ಬೆನ್ನ ಮೇಲೆ ಹೊತ್ತ ಇಬ್ಬರು ಹೆಂಗಸರು. ‘ಹಿಂದಿನ ಎರಡು ಓದಿನಲ್ಲಿ ಇವರು ಎಲ್ಲಿದ್ದರು?’ ಎಂದು ಬರೆದುಕೊಂಡಿದ್ದೇನೆ. ಖಾತೆ ಇಲ್ಲದಿದ್ದರೆ ಸರಸೋತಿಯನ್ನು ಮೊದಲ ದಿನದಿಂದಲೂ ಕಂಡಿದ್ದೆ ಎಂದೇ ನಂಬಿರುತ್ತಿದ್ದೆ. ನೆನಪು ಇವತ್ತಿನ ಅಭಿಪ್ರಾಯವನ್ನು ಒಯ್ದು ಮೂವತ್ತು ವರ್ಷದ ಹಿಂದಕ್ಕೂ ಹಚ್ಚಿಬಿಡುತ್ತದೆ. ಅಂದೇ ಬರೆದ ಸಾಲು ಅದನ್ನು ತಡೆಯುತ್ತದೆ. ಅದಕ್ಕೇ ಟಿಪ್ಪಣಿಯನ್ನು ಮುಗಿಸಿದ ದಿನವೇ ಬರೆಯುತ್ತೇನೆ, ಆಮೇಲೆ ಒಂದಕ್ಷರವನ್ನೂ ತಿದ್ದುವುದಿಲ್ಲ.

ಖಾತೆಗೆ ಬಳಸುವುದು ದಿನಸಿ ಅಂಗಡಿಯವರು ಇಡುತ್ತಿದ್ದ ಉದ್ದನೆಯ ಲೆಕ್ಕದ ಪುಸ್ತಕ, ಕೆಂಪು ಬಟ್ಟೆಯ ಬೆನ್ನಿನದು. ಈಗ ಮೂರನೆಯದು ನಡೆಯುತ್ತಿದೆ. ಹಿಡಿದ ದಿನ, ಮುಗಿಸಿದ ದಿನ, ಪುಸ್ತಕ, ಎಷ್ಟನೆಯ ಮುದ್ರಣ, ಯಾರಿಂದ ಬಂತು, ಎಲ್ಲಿ ಓದಿದೆ, ಟಿಪ್ಪಣಿ. ಇವುಗಳಲ್ಲಿ ಒಂದನ್ನೇ ಉಳಿಸಿಕೊಳ್ಳಬೇಕೆಂದರೆ ‘ಎಲ್ಲಿ ಓದಿದೆ’ ಎಂಬ ಕಲಮನ್ನು ಉಳಿಸಿಕೊಳ್ಳುತ್ತೇನೆ. ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ಎದುರು ‘ಆಸ್ಪತ್ರೆಯ ಹೊರಗಿನ ಬೆಂಚು, ಅಪ್ಪನ ಹನ್ನೊಂದು ದಿನ’ ಎಂದಿದೆ. ಅದರ ಪಕ್ಕದ ಟಿಪ್ಪಣಿ ಖಾಲಿ. ಆ ಕಾದಂಬರಿಯ ಮಳೆಯಲ್ಲಿ ಫಿನೈಲಿನ ವಾಸನೆ ಇಂದಿಗೂ ಬೆರೆತಿದೆ ನನಗೆ.

ಈ ಅಭ್ಯಾಸ ಹೊಸದೇನಲ್ಲ. ಚಾರ್ಲ್ಸ್ ಡಾರ್ವಿನ್ 1838ರಿಂದ 1860ರವರೆಗೆ ಓದಿನ ಟಿಪ್ಪಣಿ ಪುಸ್ತಕಗಳನ್ನು ಇಟ್ಟಿದ್ದ. ಓದಬೇಕಾದವು ಒಂದು ಪಟ್ಟಿ, ಓದಿದವು ಇನ್ನೊಂದು. ಜನಸಂಖ್ಯೆಯ ಬಗ್ಗೆ ಮಾಲ್ತಸ್ ಬರೆದ ಪ್ರಬಂಧವನ್ನು ಅವನು ಓದಿದ್ದು ಅದೇ 1838ರ ಶರತ್ಕಾಲದಲ್ಲಿ, ಅದೂ ಮನಸ್ಸಿನ ಸಂತೋಷಕ್ಕೆಂದು ಎತ್ತಿಕೊಂಡದ್ದಾಗಿ ಆತ್ಮಕಥೆಯಲ್ಲಿ ಹೇಳುತ್ತಾನೆ. ನಿಸರ್ಗದ ಆಯ್ಕೆಯ ಸಿದ್ಧಾಂತಕ್ಕೆ ಕಿಡಿ ತಾಗಿದ್ದು ಆ ಓದಿನಿಂದ. ಯಾವ ಸಾಲು ಮುಂದೆ ಏನಾದೀತೆಂದು ಬರೆಯುವ ದಿನ ಯಾರಿಗೂ ತಿಳಿಯದು. ಹಾಗಾಗಿ ದೊಡ್ಡ ಪುಸ್ತಕಗಳನ್ನು ಮಾತ್ರ ಬರೆದು, ಪತ್ತೇದಾರಿ ಕಾದಂಬರಿಗಳನ್ನು ಬಿಡುವವರ ಪಟ್ಟಿಯ ಮೇಲೆ ನನಗೆ ನಂಬಿಕೆ ಕಡಿಮೆ.

ಗಾಂಧೀಜಿಗೆ 1922ರ ಮಾರ್ಚಿನಲ್ಲಿ ಆರು ವರ್ಷದ ಶಿಕ್ಷೆಯಾಗಿ ಯರವಡಾ ಜೈಲು ಸೇರಿದಾಗ ಅವರೂ ಇದನ್ನೇ ಮಾಡಿದರು. ಜೈಲಿನ ದಿನಚರಿಯಲ್ಲಿ ಯಾವ ಪುಸ್ತಕ ಎಂದು ಮುಗಿಯಿತೆಂದು ಚಿಕ್ಕ ಚಿಕ್ಕ ನಮೂದು. ಮಹಾಭಾರತವೂ ಇದೆ, ರೋಮ್ ಸಾಮ್ರಾಜ್ಯದ ಅವನತಿಯ ಬಗ್ಗೆ ಗಿಬ್ಬನ್ ಬರೆದ ಸಂಪುಟಗಳೂ ಇವೆ. 1924ರ ಫೆಬ್ರವರಿಯಲ್ಲಿ ಬಿಡುಗಡೆಯಾದ ಮೇಲೆ ಆ ಓದಿನ ಬಗ್ಗೆ ‘ಯಂಗ್ ಇಂಡಿಯಾ’ದಲ್ಲಿ ಬರೆದರು.

ಆದರೆ ನನ್ನ ಮನಸ್ಸು ಮತ್ತೆ ಮತ್ತೆ ಹೋಗುವುದು ಒಂಬತ್ತನೆಯ ಶತಮಾನಕ್ಕೆ. ಕಾನ್‌ಸ್ಟಾಂಟಿನೋಪಲ್ ನಗರದ ಫೋಟಿಯಸ್ ಎಂಬ ವಿದ್ವಾಂಸ, ಮುಂದೆ ಅಲ್ಲಿನ ಧರ್ಮಗುರುವಾದವನು, ತಾನು ಓದಿದ ಸುಮಾರು 280 ಗ್ರಂಥಗಳ ವಿವರವನ್ನು ಬರೆದು ತಮ್ಮ ತರಾಸಿಯಸ್‌ಗೆ ಒಪ್ಪಿಸಿದ. ಕೆಲವಕ್ಕೆ ನಾಲ್ಕೈದು ಸಾಲು, ಕೆಲವಕ್ಕೆ ಪುಟಗಟ್ಟಲೆ ಸಾರಾಂಶ. ಶೈಲಿ ಹೇಗೆ, ಭಾಷೆ ಶುದ್ಧವೋ, ವಾದ ನಿಲ್ಲುತ್ತದೋ ಎಂಬ ತೀರ್ಪು ಬೇರೆ. ಆ ಗ್ರಂಥಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಇಂದು ಇಲ್ಲ. ಪರ್ಶಿಯದ ಅರಮನೆಯಲ್ಲಿ ವೈದ್ಯನಾಗಿದ್ದ ಗ್ರೀಕ್ ಲೇಖಕ ಟೀಸಿಯಸ್ ಭಾರತದ ಬಗ್ಗೆ ಬರೆದ ‘ಇಂಡಿಕಾ’ ನಮಗೆ ಗೊತ್ತಿರುವುದೇ ಬಹುಪಾಲು ಫೋಟಿಯಸ್ ಮಾಡಿಟ್ಟ ಸಾರಾಂಶದಿಂದ. ಒಬ್ಬನು ಓದಿ ಬರೆದಿಟ್ಟ, ಅದಕ್ಕೇ ಉಳಿಯಿತು.

ಅದೇ ಶತಮಾನದ ನಡುವಿನಲ್ಲಿ, ಇಲ್ಲಿ ಮಾನ್ಯಖೇಟದಲ್ಲಿ, ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ, ನೃಪತುಂಗನ ಆಸ್ಥಾನದ ಶ್ರೀವಿಜಯ ‘ಕವಿರಾಜಮಾರ್ಗ’ವನ್ನು ಬರೆಯುತ್ತಿದ್ದ. ಅದು ಅಲಂಕಾರ ಗ್ರಂಥ, ನಿಜ. ಆದರೆ ಅದರೊಳಗೆ ಒಬ್ಬ ಓದುಗನೂ ಇದ್ದಾನೆ. ಕನ್ನಡದಲ್ಲಿ ಗದ್ಯ ಬರೆದವರು ಯಾರೆಂದು ಹೇಳುವಾಗ ಅವನು ವಿಮಳೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತರ ಹೆಸರನ್ನು ಎತ್ತುತ್ತಾನೆ. ಪದ್ಯದವರ ಹೆಸರೂ ಇದೆ. ಚತ್ತಾಣ, ಬೆದಂಡೆ ಎಂಬ ಕಾವ್ಯಪ್ರಕಾರಗಳನ್ನೂ ಹೇಳುತ್ತಾನೆ. ಈ ಗದ್ಯಕಾರರ ಒಂದು ಕನ್ನಡ ಗ್ರಂಥವೂ ನಮ್ಮ ಕೈಗೆ ಬಂದಿಲ್ಲ. ಪಂಪನಿಗೂ ಹಿಂದೆ ಕನ್ನಡದಲ್ಲಿ ಬರೆದವರಿದ್ದರು, ಅವರನ್ನು ಓದಿದವರಿದ್ದರು ಎಂಬುದಕ್ಕೆ ನಾವು ಹಿಡಿದು ನಿಂತಿರುವುದು ಆ ಹೆಸರುಗಳ ಸಾಲನ್ನು. ಎರಡು ನಗರಗಳು, ಒಂದರ ಸುದ್ದಿ ಇನ್ನೊಂದಕ್ಕಿಲ್ಲ; ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಇಬ್ಬರು ತಾವು ಬಲ್ಲ ಪುಸ್ತಕಗಳನ್ನು ಹೆಸರಿಟ್ಟು ಬರೆದಿಟ್ಟರು. ಜಯಬಂಧು ಯಾವ ವಿಷಯ ಬರೆದ? ಅವನ ವಾಕ್ಯ ಉದ್ದವೋ ಗಿಡ್ಡವೋ? ಶ್ರೀವಿಜಯ ಫೋಟಿಯಸ್ಸನ ಹಾಗೆ ಇನ್ನೂ ನಾಲ್ಕು ಸಾಲು ಬರೆದಿರಬಾರದಿತ್ತೇ ಎಂದು ಹೊಟ್ಟೆ ಉರಿಯುತ್ತದೆ. ಮುಂದೆ ಹದಿಮೂರನೆಯ ಶತಮಾನದಲ್ಲಿ, ‘ಶಬ್ದಮಣಿದರ್ಪಣ’ದ ಕೇಶಿರಾಜನ ತಂದೆ ಮಲ್ಲಿಕಾರ್ಜುನ, ಹೊಯ್ಸಳ ಸೋಮೇಶ್ವರನಿಗಾಗಿ ಹಲವು ಕಾವ್ಯಗಳ ಪದ್ಯಗಳನ್ನು ಆರಿಸಿ ‘ಸೂಕ್ತಿಸುಧಾರ್ಣವ’ ಕಟ್ಟಿದ. ಅದೂ ಒಂದು ದೊಡ್ಡ ಓದಿನ ಉಳಿಕೆಯೇ.

ನಮ್ಮ ಖಾತೆಗಳು ಅಷ್ಟು ಕಾಲ ಬಾಳಬೇಕಿಲ್ಲ. ಆದರೂ ಶ್ರದ್ಧೆ ಅದೇ ಇರಬೇಕು, ಮತ್ತು ಕನ್ನಡದ ಓದುಗನಿಗೆ ಅದರಲ್ಲಿ ಕೆಲವು ವಿಶೇಷ ತೊಡಕುಗಳಿವೆ. ಕೊನೆಯ ಹಾಳೆಗಳಲ್ಲಿ ಅಕಾರಾದಿ ಸೂಚಿ ಮಾಡಲು ಕುಳಿತವರಿಗೆ ಅದು ಗೊತ್ತು. ಕುವೆಂಪು ಅವರನ್ನು ‘ಕ’ದಲ್ಲಿ ಇಡಬೇಕೋ ‘ಪ’ದಲ್ಲೋ? ಆ ಮೂರಕ್ಷರದಲ್ಲಿ ಕುಪ್ಪಳಿ ಎಂಬ ಊರಿದೆ, ವೆಂಕಟಪ್ಪ ಎಂಬ ತಂದೆ ಇದ್ದಾರೆ, ಪುಟ್ಟಪ್ಪನವರು ಕೊನೆಗೆ. ಮಾಸ್ತಿ ಎಂಬುದು ಊರಿನ ಹೆಸರು, ಕಾವ್ಯನಾಮ ‘ಶ್ರೀನಿವಾಸ’. ಬೇಂದ್ರೆ ಕವಿತೆಗೆ ಕುಳಿತರೆ ಅಂಬಿಕಾತನಯದತ್ತ. ನಾನು ಹಲವು ಸಲ ಸೂಚಿ ಹರಿದು ಬರೆದು, ಕೊನೆಗೆ ಜನ ಯಾವ ಹೆಸರಿನಿಂದ ಕರೆಯುತ್ತಾರೋ ಅದೇ ಸರಿಯೆಂದು ನಿಂತೆ. ಉಳಿದ ಹೆಸರುಗಳ ಎದುರು ‘ಇಲ್ಲಿ ನೋಡಿ’.

ಅನುವಾದಕರ ಹೆಸರಂತೂ ಬಿಡಲೇಬಾರದು. ಟಾಲ್‌ಸ್ಟಾಯ್‌ನ ‘ಯುದ್ಧ ಮತ್ತು ಶಾಂತಿ’ ದೇಜಗೌ ಅವರ ಕನ್ನಡದಲ್ಲೂ ಇದೆ, ಓ.ಎಲ್. ನಾಗಭೂಷಣ ಸ್ವಾಮಿಯವರ ಕನ್ನಡದಲ್ಲೂ ಇದೆ. ಯಾವ ಕನ್ನಡದ ಮೂಲಕ ನತಾಶಾಳನ್ನು ಕಂಡೆ ಎಂದು ಬರೆಯದಿದ್ದರೆ ಅರ್ಧ ಓದನ್ನು ಮರೆತಂತೆ. ಇನ್ನು ‘ಕಸ್ತೂರಿ’ ಮಾಸಿಕದ ಪುಸ್ತಕ ವಿಭಾಗ. ನನ್ನ ಹದಿಹರೆಯದಲ್ಲಿ ಜಗತ್ತಿನ ಎಷ್ಟೋ ಪುಸ್ತಕಗಳನ್ನು ಸಂಗ್ರಹರೂಪದಲ್ಲಿ ಪರಿಚಯಿಸಿದ್ದು ಅದು. ಅವುಗಳನ್ನು ಪೂರ್ತಿ ಓದೆಂದು ಬರೆದುಕೊಳ್ಳುವುದು ಸಲ್ಲದು, ಬಿಡುವುದು ಕೃತಘ್ನತೆ. ಪಕ್ಕದಲ್ಲಿ ‘ಕ’ ಎಂದು ಗುರುತು ಹಾಕಿದ್ದೇನೆ. ಹಾಗೆಯೇ ಕಿವಿಯಿಂದ ಓದಿದವು. ಗುಡಿಯ ಜಗಲಿಯಲ್ಲಿ ಗಮಕಿಯೊಬ್ಬರು ರಾಗವಾಗಿ ವಾಚಿಸಿ, ಪಕ್ಕದಲ್ಲಿ ಕುಳಿತವರು ವ್ಯಾಖ್ಯಾನ ಹೇಳುತ್ತ ನಡೆಸಿದ ಕುಮಾರವ್ಯಾಸ ಭಾರತದ ಕರ್ಣಪರ್ವ ಒಂಬತ್ತು ಸಂಜೆ ಸಾಗಿತ್ತು. ಆಮೇಲೆ ಅದನ್ನು ಪುಸ್ತಕದಲ್ಲಿ ಎರಡು ಸಲ ಓದಿದ್ದೇನೆ. ಆ ಒಂಬತ್ತು ಸಂಜೆಗಳಷ್ಟು ಚೆನ್ನಾಗಿ ಓದಿಲ್ಲ. ಅದಕ್ಕೂ ಒಂದು ಸಂಖ್ಯೆ ಕೊಟ್ಟಿದ್ದೇನೆ.

ಅರ್ಧಕ್ಕೆ ಬಿಟ್ಟವನ್ನೂ ಬರೆಯಿರಿ, ನಿಲ್ಲಿಸಿದ ಪುಟದ ಸಂಖ್ಯೆಯ ಸಮೇತ. ಹಲವು ವರ್ಷದ ಮೇಲೆ ಅದೇ ಪುಟಕ್ಕೆ ಬಂದು, ಇಲ್ಲಿ ಯಾಕೆ ನಿಂತೆ ಎಂದು ನೋಡುವುದರಲ್ಲಿ ದೊಡ್ಡ ಸುಖವಿದೆ. ಅಂಕ ಮಾತ್ರ ಕೊಡಬೇಡಿ. ಹತ್ತಕ್ಕೆ ಏಳು ಎಂಬುದನ್ನು ಇಪ್ಪತ್ತು ವರ್ಷದ ಮೇಲೆ ಓದಿದರೆ ಏನೂ ತಿಳಿಯುವುದಿಲ್ಲ. ವರ್ಷಕ್ಕೆ ಇಷ್ಟೆಂದು ಗುರಿ ಇಟ್ಟುಕೊಳ್ಳುವುದಂತೂ ಬೇಡವೇ ಬೇಡ. ಗುರಿ ಇಟ್ಟುಕೊಂಡ ವರ್ಷ ಕೈ ತಾನಾಗಿ ತೆಳು ಪುಸ್ತಕಗಳ ಕಡೆ ಹೋಗುತ್ತದೆ, ‘ಮದುಮಗಳು’ ಕಪಾಟಿನಲ್ಲೇ ಉಳಿಯುತ್ತಾಳೆ. ನನ್ನ ಖಾತೆಯಲ್ಲಿ ಕೇವಲ ಒಂಬತ್ತು ಸಾಲುಗಳ ಒಂದು ವರ್ಷವಿದೆ. ಅದು ನಾನು ಅತಿ ಹೆಚ್ಚು ಓದಿದ ವರ್ಷಗಳಲ್ಲೊಂದು.

ಇನ್ನು ಕಳೆದುಹೋದ ಸಾಲುಗಳ ಮಾತು. 1996ರ ಸುಮಾರಿಗೆ ನಾನು ಊರೂರು ಸುತ್ತುವ ಕೆಲಸದಲ್ಲಿದ್ದೆ. ಓದಿದ್ದನ್ನು ಕಿಸೆಪುಸ್ತಕದಲ್ಲಿ ಗುರುತು ಹಾಕಿಕೊಂಡು, ಮನೆಗೆ ಬಂದಾಗ ದೊಡ್ಡ ಖಾತೆಗೆ ಇಳಿಸುತ್ತಿದ್ದೆ. ಇಳಿಸುವುದನ್ನು ಮುಂದೂಡಿ ಮುಂದೂಡಿ ಹದಿನಾಲ್ಕು ತಿಂಗಳಾಯಿತು. ಒಂದು ರಾತ್ರಿ ಬಸ್ಸಿನಲ್ಲಿ ಆ ಕಿಸೆಪುಸ್ತಕ ಹೋಯಿತು. ಬೇರೇನು ಕಳೆದಿದ್ದರೂ ಅಷ್ಟು ಸಂಕಟವಾಗುತ್ತಿರಲಿಲ್ಲ. ಖಾತೆಯಲ್ಲಿ ನಾಲ್ಕು ಪುಟ ಖಾಲಿ ಬಿಟ್ಟು ಮುಂದಿನದನ್ನು ಬರೆಯುತ್ತ ಹೋದೆ. ನೆನಪಿನಿಂದ ತುಂಬಿಸಲು ಒಪ್ಪಲಿಲ್ಲ. ಕೈಗೆ ಸಿಗುವ ಸಾಕ್ಷಿ ಬೇಕೆಂದು ಹಟ ಹಿಡಿದೆ. ಒಂದು ಪುಸ್ತಕದೊಳಗೆ ಸಿಕ್ಕ ರಿಜಿಸ್ಟರ್ ಅಂಚೆಯ ರಸೀತಿಯಿಂದ, ಅದರ ಮೇಲಿನ ಶಿರಸಿಯ ಮುದ್ರೆಯಿಂದ, ಒಂದು ಸಾಲು ತುಂಬಿತು. ಹಳೆಯ ಡೈರಿಯ ಮೂಲೆಯಲ್ಲಿದ್ದ ಸಾಲದ ಲೆಕ್ಕದಿಂದ ಇನ್ನೊಂದು. ಇಷ್ಟು ವರ್ಷಗಳಲ್ಲಿ ಒಟ್ಟು ಆರು.

ಕಳೆದ ತಿಂಗಳು ಗೆಳೆಯನೊಬ್ಬ ಮನೆ ಬದಲಿಸುವಾಗ ನಾನು ಬರೆದಿದ್ದ ಒಂದು ಇನ್‌ಲ್ಯಾಂಡ್ ಪತ್ರ ಸಿಕ್ಕಿತೆಂದು ತಂದುಕೊಟ್ಟ. ಮಡಿಕೆಯಲ್ಲಿ ಅಕ್ಷರ ಅಳಿಸಿದೆ, ತಾರೀಖು ಉಳಿದಿದೆ. ಕರೆಂಟಿಲ್ಲದ ಒಂದು ಪ್ರವಾಸಿ ಮಂದಿರದಲ್ಲಿ ಲಾಟೀನು ಹಚ್ಚಿಕೊಂಡು ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ನನ್ನು ಒಂದೇ ರಾತ್ರಿ ಓದಿ ಮುಗಿಸಿದೆ, ಬೆಳಗ್ಗೆ ಅಜ್ಜಿಗೆ ಕಾಗದ ಬರೆಯಬೇಕು ಅನ್ನಿಸಿತು ಎಂದು ಅದರಲ್ಲಿದೆ. ಅಜ್ಜಿಗೆ ಬರೆದೆನೋ ಇಲ್ಲವೋ ಪತ್ರದಲ್ಲಿಲ್ಲ. ಆ ದಿನವೇ ಖಾತೆ ತೆರೆದು ಏಳನೆಯ ಸಾಲು ತುಂಬಿಸಿದೆ. ಎಲ್ಲಿ ಓದಿದೆ ಎಂಬಲ್ಲಿ ‘ಪ್ರವಾಸಿ ಮಂದಿರ, ಲಾಟೀನು’ ಎಂದೂ, ಟಿಪ್ಪಣಿಯಲ್ಲಿ ‘ಗೆಳೆಯನಿಗೆ ಬರೆದ ಪತ್ರದಿಂದ’ ಎಂದೂ ಬರೆದೆ. ಮೂರೂವರೆ ಪುಟ ಇನ್ನೂ ಖಾಲಿ ಇದೆ.