ಗುಬ್ಬಚ್ಚಿ ಕೇಸಿನಲ್ಲಿ ಪಾರಿವಾಳದ ಸಾಕ್ಷಿ

ಶಂಕರ್ ನಿರ್ದೇಶನದ '2.0' ಸಿನಿಮಾ 2018ರ ನವೆಂಬರ್ 29ಕ್ಕೆ ಬಿಡುಗಡೆ ಆದಾಗ ನಮ್ಮ ಟೀಮಿನ ಅರ್ಧ ಮಂದಿ ಮೊದಲ ವಾರವೇ ತ್ರೀಡಿ ಕನ್ನಡಕ ಹಾಕಿಕೊಂಡು ನೋಡಿ ಬಂದರು. ಕೆಲವರು ರಜನಿಕಾಂತ್‌ಗೋಸ್ಕರ ಹೋದರು, ಕೆಲವರು ಗ್ರಾಫಿಕ್ಸ್‌ಗೋಸ್ಕರ. ಹೊರಗೆ ಬಂದಾಗ ಎಲ್ಲರ ಬಾಯಲ್ಲೂ ಒಂದೇ ಮಾತು: "ಪಾಪ ಗುಬ್ಬಚ್ಚಿಗಳು, ಈ ಟವರ್‌ಗಳಿಂದಾನೇ ಹೋದವು ಕಣೋ." ಹಾಗಂದವರು ಜೇಬಿನಿಂದ ಮೊಬೈಲ್ ತೆಗೆದು ಕ್ಯಾಬ್ ಬುಕ್ ಮಾಡಿದರು.

ಕಥೆ ನಿಮಗೆ ಗೊತ್ತಿರುತ್ತೆ. ಪಕ್ಷಿರಾಜನ್ ಅನ್ನೋ ವಯಸ್ಸಾದ ಪಕ್ಷಿತಜ್ಞ, ಅಕ್ಷಯ್ ಕುಮಾರ್ ಮಾಡಿರೋ ಪಾತ್ರ. ಟವರ್ ವಿಕಿರಣದಿಂದ ಹಕ್ಕಿಗಳು ಸಾಯುತ್ತಿವೆ ಅಂತ ಅಂಗಲಾಚುತ್ತಾನೆ. ಯಾರೂ ಕಿವಿಗೆ ಹಾಕಿಕೊಳ್ಳೋದಿಲ್ಲ. ಕೊನೆಗೆ ಟವರ್‌ಗೇ ನೇಣು ಹಾಕಿಕೊಳ್ಳುತ್ತಾನೆ. ಆಮೇಲೆ ಚೆನ್ನೈನ ಮೊಬೈಲ್‌ಗಳೆಲ್ಲ ಕೈತಪ್ಪಿ ಹಾರಿ, ಒಟ್ಟುಗೂಡಿ ದೈತ್ಯ ಹಕ್ಕಿಯಾಗಿ ಸೇಡು ತೀರಿಸಿಕೊಳ್ಳುತ್ತವೆ. ಸಾವಿರಾರು ಫೋನ್‌ಗಳು ಸ್ಕ್ರೀನ್ ಮಿನುಗಿಸುತ್ತಾ ಹಾವಿನ ಹಾಗೆ ಹರಿದು ಬರೋ ದೃಶ್ಯ ನಿಜಕ್ಕೂ ಚೆನ್ನಾಗಿದೆ. ಫ್ಲ್ಯಾಶ್‌ಬ್ಯಾಕಿನಲ್ಲಿ ಮುದುಕ ಅಳುವಾಗ ನನಗೂ ಗಂಟಲು ಕಟ್ಟಿತು. ತಕರಾರು ಇರೋದೂ ಅಲ್ಲೇ. ಆ ಅಳು ಎಷ್ಟು ನಿಜ ಅನ್ನಿಸುತ್ತೋ, ಅದರ ಜೊತೆ ಅವನು ಹೇಳೋ ಕಾರಣವೂ ಅಷ್ಟೇ ನಿಜ ಅಂತ ನಾವು ಒಪ್ಪಿಕೊಂಡುಬಿಡುತ್ತೇವೆ. ಸಿನಿಮಾದಲ್ಲಿ ಎದುರುವಾದಿ ಅಂತ ಇರೋರು ದುಡ್ಡಿನಾಸೆಯ ಕಂಪನಿ ಮಾಲೀಕ, ಮಂತ್ರಿ ಇಂಥವರು. ವಿಜ್ಞಾನಿ ವಸೀಗರನ್ ಕೂಡ ಎಷ್ಟು ಹಕ್ಕಿ ಸತ್ತವು, ಎಲ್ಲಿ, ಯಾವಾಗಿಂದ ಅಂತ ಲೆಕ್ಕ ಕೇಳೋ ಗೋಜಿಗೆ ಹೋಗೋದಿಲ್ಲ. ಕೇಳಿದ್ದರೆ ಮೂರು ಆಯಾಮದ ಸಿನಿಮಾ ಇಂಟರ್ವಲ್‌ಗೇ ಮುಗಿದುಹೋಗುತ್ತಿತ್ತೇನೋ.

ಮೊಬೈಲ್ ಕಂಪನಿಗಳ ಸಂಘ ಬಿಡುಗಡೆಗೆ ಮುಂಚೆ ಸೆನ್ಸಾರ್ ಮಂಡಳಿಗೆ ದೂರು ಕೊಟ್ಟು ಇನ್ನೊಂದು ಉಪಕಾರ ಮಾಡಿತು. "ಅವರು ಹೆದರಿದ್ದಾರೆ ಅಂದ್ರೆ ಏನೋ ಇದೆ" ಅನ್ನೋ ನಮ್ಮ ಎಂದಿನ ತರ್ಕಕ್ಕೆ ಅಷ್ಟು ಸಾಕಲ್ಲ.

ಈಗ ಕ್ಲೈಮ್ಯಾಕ್ಸ್ ನೆನಪು ಮಾಡಿಕೊಳ್ಳಿ. ಅಂಗೈಯಲ್ಲಿ ಹಿಡಿಸೋ ಪುಟಾಣಿ ರೋಬೋಗಳು ಬರುತ್ತವೆ. ಯಾವುದರ ಮೇಲೆ ಸವಾರಿ ಮಾಡಿಕೊಂಡು? ಪಾರಿವಾಳದ ಮೇಲೆ! ಟವರ್‌ಗಳಿಂದ ಹಕ್ಕಿಗಳೆಲ್ಲ ಸಾಯುತ್ತಿವೆ ಅಂತ ಎರಡೂವರೆ ಗಂಟೆ ಹೇಳಿದ ಸಿನಿಮಾಗೆ ಕೊನೆಯಲ್ಲಿ ಒಂದು ಹಿಂಡು ಹಕ್ಕಿ ಬೇಕಾದಾಗ ಪಾರಿವಾಳ ಸಿಕ್ಕವು. ಯಾಕಂದರೆ ನಮ್ಮ ಊರುಗಳಲ್ಲಿ ಅವು ಬೇಕಾದಷ್ಟಿವೆ. ನಿರ್ದೇಶಕರಿಗೆ ಗೊತ್ತಿಲ್ಲದೇ ಸಿನಿಮಾ ತನ್ನ ವಿರುದ್ಧವೇ ಸಾಕ್ಷಿ ಹೇಳಿಬಿಟ್ಟಿದೆ.

ಯಾವುದೇ ಅಪಾರ್ಟ್‌ಮೆಂಟಿನ ಬಾಲ್ಕನಿ ನೋಡಿ. ಪಾರಿವಾಳದ ಕಾಟ ತಡೆಯೋಕೆ ಬಲೆ ಕಟ್ಟಿರುತ್ತಾರೆ. ಬಲೆ ಕಟ್ಟಿಕೊಡೋದೇ ಈಗ ಒಂದು ಕಸುಬು. ಆ ಪಾರಿವಾಳಗಳು ಇರೋದು ಎಲ್ಲಿ? ಟವರ್ ನಿಂತಿರೋ ಅದೇ ತಾರಸಿಗಳ ಮೇಲೆ, ಏಸಿ ಯಂತ್ರದ ಹಿಂದೆ, ನೀರಿನ ಟ್ಯಾಂಕಿನ ಕೆಳಗೆ. ಇಡೀ ದಿನ ಅದೇ ತರಂಗಗಳಲ್ಲಿ ಮೀಯುತ್ತಾ ಮೊಟ್ಟೆ ಇಟ್ಟು, ಮರಿ ಮಾಡಿ, ನಮ್ಮ ಕಾರಿನ ಮೇಲೆ ಸಹಿ ಹಾಕಿ ಹೋಗುತ್ತವೆ. ದೇಶದ ಹಕ್ಕಿಗಳ ಸ್ಥಿತಿಗತಿ ಬಗ್ಗೆ 2023ರಲ್ಲಿ ಬಂದ ವರದಿ, ತುಂಬಾ ಚೆನ್ನಾಗಿ ಹೆಚ್ಚುತ್ತಿರೋ ಹಕ್ಕಿಗಳಲ್ಲಿ ನವಿಲು, ಕೋಗಿಲೆ ಜೊತೆ ಈ ಊರ ಪಾರಿವಾಳವನ್ನೂ ಹೆಸರಿಸಿದೆ. ವಿಕಿರಣ ಹಕ್ಕಿಗಳನ್ನ ಕೊಲ್ಲುತ್ತೆ ಅನ್ನೋದಾದರೆ ಗುಬ್ಬಿಯನ್ನ ಕೊಂದು ಪಾರಿವಾಳವನ್ನ ಬಿಡೋದು ಯಾಕೆ? ಆಧಾರ್ ಕಾರ್ಡ್ ನೋಡಿ ಬಿಡುತ್ತಾ?

ವ್ಯತ್ಯಾಸ ಇರೋದು ಅವುಗಳ ಸಂಸಾರದಲ್ಲಿ. ದೊಡ್ಡ ಗುಬ್ಬಿ ಕಾಳು ತಿಂದು ಬದುಕುತ್ತೆ. ಆದರೆ ಮೊಟ್ಟೆಯಿಂದ ಬಂದ ಮರಿಗೆ ಮೊದಲ ದಿನಗಳಲ್ಲಿ ಹುಳ ಬೇಕೇ ಬೇಕು. ಕಂಬಳಿಹುಳ, ಸಣ್ಣ ಮಿಡತೆ, ಗಿಡಹೇನು ಇಂಥವು. ಮನೆ ಮುಂದೆ ಒಂದು ದಾಸವಾಳದ ಗಿಡ, ಪಕ್ಕದಲ್ಲಿ ಖಾಲಿ ಸೈಟು, ಅದರಲ್ಲಿ ಕಳೆ, ಮೂಲೆಯಲ್ಲಿ ಕಸದ ಗುಡ್ಡೆ ಇದ್ದಾಗ ಹುಳಕ್ಕೆ ಬರ ಇರಲಿಲ್ಲ. ಪಾರಿವಾಳಕ್ಕೆ ಆ ರಗಳೆಯೇ ಇಲ್ಲ. ಅಪ್ಪ ಅಮ್ಮ ಇಬ್ಬರೂ ಗಂಟಲ ಚೀಲದಲ್ಲಿ ಹಾಲಿನಂಥ ಪದಾರ್ಥ ಮಾಡಿ ಮರಿಗೆ ಉಣ್ಣಿಸುತ್ತವೆ. ಊರಲ್ಲಿ ಒಂದು ಹುಳ ಇಲ್ಲದಿದ್ದರೂ ಅವುಗಳ ಬಾಣಂತನ ನಡೆಯುತ್ತೆ.

ಮನೆಯ ಲೆಕ್ಕವೂ ಹಾಗೇ. ಪಾರಿವಾಳಕ್ಕೆ ಒಂದು ಅಂಚು ಸಿಕ್ಕರೆ ಸಾಕು. ಗುಬ್ಬಿಗೆ ಬೇಕಾಗಿರೋದು ಸಂದು. ಹಂಚಿನ ಕೆಳಗೆ, ತೊಲೆ ಮತ್ತು ಗೋಡೆಯ ನಡುವೆ, ಅಜ್ಜನ ಫೋಟೋ ಹಿಂದೆ, ಮುಚ್ಚಳ ಕಿತ್ತುಹೋದ ಮೀಟರ್ ಬಾಕ್ಸಿನೊಳಗೆ. ನಮ್ಮ ಕಾಗಕ್ಕ ಗುಬ್ಬಕ್ಕನ ಕಥೆಯಲ್ಲಿ ಮಳೆಗೆ ಮನೆ ಕಳಕೊಂಡು ಬಾಗಿಲು ತಟ್ಟೋದು ಕಾಗಕ್ಕ. ಈಗ ಆರ್‌ಸಿಸಿ ತಾರಸಿ, ಗಾಜಿನ ಮುಂಭಾಗ, ಸಂದೇ ಇಲ್ಲದ ಅಲ್ಯೂಮಿನಿಯಂ ಕಿಟಕಿ ಬಂದ ಮೇಲೆ ಬಾಗಿಲು ತಟ್ಟಬೇಕಾಗಿರೋಳು ಗುಬ್ಬಕ್ಕ.

"ಅದೆಲ್ಲ ಸರಿ, ಆದ್ರೆ ಮೊಬೈಲ್ ಬಂದ ಮೇಲೇ ತಾನೇ ಗುಬ್ಬಿ ಕಮ್ಮಿ ಆಗಿದ್ದು?" ಅಂತ ಕೇಳುವವರಿಗೆ ಲಂಡನ್ನಿನ ಲೆಕ್ಕ ತೋರಿಸಬೇಕು. ಅಲ್ಲಿನ ಕೆನ್ಸಿಂಗ್ಟನ್ ಗಾರ್ಡನ್ಸ್ ಉದ್ಯಾನದಲ್ಲಿ ಮ್ಯಾಕ್ಸ್ ನಿಕೋಲ್ಸನ್ ಅನ್ನೋ ಪಕ್ಷಿವೀಕ್ಷಕ 1925ರಲ್ಲಿ ತಮ್ಮ ಸೋದರನ ಜೊತೆ ಗುಬ್ಬಿ ಎಣಿಸಿದಾಗ ಸಿಕ್ಕಿದ್ದು 2,603. ಅದೇ ಉದ್ಯಾನದಲ್ಲಿ 1948ಕ್ಕೆ 885. 1975ಕ್ಕೆ 544. 2000ಕ್ಕೆ ಎಂಟು. ಬರೀ ಎಂಟು! ಬ್ರಿಟನ್ನಿನಲ್ಲಿ ಮೊಬೈಲ್ ಜಾಲ ಶುರುವಾಗಿದ್ದು 1985ರಲ್ಲಿ. ಅಂದರೆ ಮೊದಲ ಮೊಬೈಲ್ ರಿಂಗ್ ಆಗೋಕೆ ಹತ್ತು ವರ್ಷ ಮುಂಚೆಯೇ ಐದರಲ್ಲಿ ನಾಲ್ಕು ಪಾಲು ಗುಬ್ಬಿ ಜಾಗ ಖಾಲಿ ಮಾಡಿದ್ದವು. ಮೊದಲ ಹೊಡೆತಕ್ಕೆ ಅಲ್ಲಿನವರು ಕೊಡೋ ಕಾರಣ ಚೆನ್ನಾಗಿದೆ: ರಸ್ತೆಯಿಂದ ಕುದುರೆ ಗಾಡಿ ಹೋಗಿ ಮೋಟಾರು ಬಂತು, ಕುದುರೆ ಮೇವಿನಿಂದ ಚೆಲ್ಲುತ್ತಿದ್ದ ಕಾಳು ನಿಂತಿತು. ಅದೂ ಒಂದು ತಂತ್ರಜ್ಞಾನವೇ. ಆದರೆ ಕಾರು ಗುಬ್ಬಿ ಕೊಂದಿತು ಅಂತ ಯಾರೂ ಐನೂರು ಕೋಟಿ ಹಾಕಿ ಸಿನಿಮಾ ಮಾಡಲಿಲ್ಲ. 'ಇಂಡಿಪೆಂಡೆಂಟ್' ಪತ್ರಿಕೆ 2000ದಲ್ಲಿ ಈ ಒಗಟು ಬಿಡಿಸಿದವರಿಗೆ 5,000 ಪೌಂಡ್ ಬಹುಮಾನವನ್ನೇ ಇಟ್ಟಿತ್ತು.

ನಮ್ಮ ದೇಶದ ಲೆಕ್ಕ ಇನ್ನೂ ಮಜವಾಗಿದೆ. 2020ರ ವರದಿ 867 ಜಾತಿಯ ಹಕ್ಕಿಗಳನ್ನ ನೋಡಿ ಹೇಳಿದ್ದು ಏನಂದರೆ, ಗುಬ್ಬಚ್ಚಿ ದೇಶದ ಮಟ್ಟದಲ್ಲಿ ಇಪ್ಪತ್ತೈದು ವರ್ಷದಿಂದ ಹೆಚ್ಚುಕಡಿಮೆ ಸ್ಥಿರವಾಗಿದೆ, ಕಮ್ಮಿಯಾಗಿರೋದು ಮಹಾನಗರಗಳಲ್ಲಿ. ಆ ವರದಿಗೆ ಮಾಹಿತಿ ಕೊಟ್ಟವರು ಸಾವಿರಾರು ಹವ್ಯಾಸಿಗಳು. ಅವರಲ್ಲಿ ಎಷ್ಟೋ ಮಂದಿ ಕಂಡ ಹಕ್ಕಿಯನ್ನ ಅಲ್ಲೇ ನಿಂತು ಮೊಬೈಲ್‌ನ ಇ-ಬರ್ಡ್ ಆ್ಯಪಿಗೆ ಹಾಕಿದವರು. ಪಕ್ಷಿರಾಜನ್ ಇದ್ದಿದ್ದರೆ ಏನನ್ನುತ್ತಿದ್ದನೋ!

ಟವರ್ ವಾದಿಗಳು ಇಲ್ಲಿ ಕೈ ಎತ್ತಬಹುದು. "ನೋಡಿ, ಟವರ್ ಜಾಸ್ತಿ ಇರೋ ಊರಲ್ಲೇ ಕಮ್ಮಿ ಆಗಿದೆ." ಪ್ರಶ್ನೆ ಸರಿಯಾಗಿದೆ. ಆದರೆ ಟವರ್ ಜಾಸ್ತಿ ಇರೋ ಕಡೆ ಕಾಂಕ್ರೀಟೂ ಜಾಸ್ತಿ, ಪ್ಯಾಕೆಟ್ಟಿನ ಅಕ್ಕಿಯೂ ಜಾಸ್ತಿ, ಮಣ್ಣು ಕಮ್ಮಿ. ಯಾವುದು ಕಾರಣ ಅಂತ ತಿಳಿಯಬೇಕಾದರೆ ಟವರ್ ಇದ್ದೂ ಉಳಿದದ್ದು ಇರೋ ಊರಿಗೆ ಹೋಗಬೇಕು. ದಾವಣಗೆರೆ ಕಡೆ ಯಾವುದಾದರೂ ಹಳೇ ಕಿರಾಣಿ ಅಂಗಡಿ ಮುಂದೆ ಬೆಳಿಗ್ಗೆ ನಿಂತು ನೋಡಿ. ಚೀಲಗಳ ಮೇಲೆ ಗುಬ್ಬಿಗಳ ದರ್ಬಾರು, ಎದುರು ಕಟ್ಟಡದ ಮೇಲೆ ಟವರು.

ಇನ್ನು ವಿಕಿರಣ ಅನ್ನೋ ಪದ. ಈ ಪದ ಕೇಳಿದ ಕೂಡಲೇ ನಮಗೆ ನೆನಪಾಗೋದು ಹಿರೋಶಿಮಾ, ಎಕ್ಸ್-ರೇ ಕೋಣೆ. ಬೆಳಕೂ ವಿಕಿರಣವೇ. ಟವರ್ ಬಳಸೋ 1800 ಮೆಗಾಹರ್ಟ್ಸ್ ಅಲೆಯ ಒಂದು ಫೋಟಾನಿಗಿಂತ ಹಸಿರು ಬೆಳಕಿನ ಒಂದು ಫೋಟಾನಿನಲ್ಲಿ ಸುಮಾರು ಮೂರು ಲಕ್ಷ ಪಟ್ಟು ಹೆಚ್ಚು ಶಕ್ತಿ ಇರುತ್ತೆ. ಮೊಬೈಲ್ ಅಲೆಗಳಿಗೆ ಅಣುಗಳ ಬಂಧ ಮುರಿಯೋ ತಾಕತ್ತಿಲ್ಲ. ಖಚಿತವಾಗಿ ಗೊತ್ತಿರೋ ಅವುಗಳ ಕೆಲಸ ಬಿಸಿ ಮಾಡೋದು. ಅದಕ್ಕೂ ದೊಡ್ಡ ಪ್ರಮಾಣ ಬೇಕು. ನಮ್ಮ ಸರ್ಕಾರ 2012ರ ಸೆಪ್ಟೆಂಬರ್‌ನಿಂದ ಟವರ್ ಮಿತಿಯನ್ನ ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದಕ್ಕೆ ಇಳಿಸಿದೆ. 900 ಮೆಗಾಹರ್ಟ್ಸ್‌ನಲ್ಲಿ ಅದು ಚದರ ಮೀಟರಿಗೆ 0.45 ವ್ಯಾಟ್. ನೆತ್ತಿಯ ಮೇಲಿನ ಸೂರ್ಯ ಸುರಿಯೋದು ಸುಮಾರು ಸಾವಿರ ವ್ಯಾಟ್.

ಇಷ್ಟು ಹೇಳಿ "ವಾಟ್ಸ್ಆ್ಯಪ್ ಅಂಕಲ್‌ಗಳಿಗೆ ಬುದ್ಧಿ ಇಲ್ಲ" ಅಂತ ನಗೋರು ಇದ್ದಾರಲ್ಲ, ಅವರ ಬಗ್ಗೆಯೂ ನನಗೆ ಸಿಟ್ಟಿದೆ. ಯಾಕಂದರೆ ಸಂಶಯಕ್ಕೆ ಕಾರಣಗಳೇ ಇರಲಿಲ್ಲ ಅಂತೇನಿಲ್ಲ. ಬೆಲ್ಜಿಯಂನಲ್ಲಿ 2007ರಲ್ಲಿ ಪ್ರಕಟವಾದ ಒಂದು ಅಧ್ಯಯನ 150 ಜಾಗಗಳಲ್ಲಿ ಗುಬ್ಬಿ ಎಣಿಸಿ, ಅಲೆಗಳ ತೀವ್ರತೆ ಹೆಚ್ಚಿರೋ ಕಡೆ ಗಂಡು ಗುಬ್ಬಿಗಳು ಕಮ್ಮಿ ಅಂತ ಕಂಡಿತು. ಅಲ್ಪಾವಧಿಯ ಎಣಿಕೆ, ನಂಟು ತೋರಿಸುತ್ತೆಯೇ ಹೊರತು ಕಾರಣ ಅಲ್ಲ. ಆದರೂ ಪ್ರಶ್ನೆ ಕೇಳಿದ್ದು ತಪ್ಪಲ್ಲ. ಜರ್ಮನಿಯ ಓಲ್ಡನ್‌ಬರ್ಗ್ ವಿಶ್ವವಿದ್ಯಾಲಯದವರು 2014ರಲ್ಲಿ 'ನೇಚರ್' ಪತ್ರಿಕೆಯಲ್ಲಿ ತೋರಿಸಿದ್ದು ಇನ್ನೂ ಗಟ್ಟಿ: ವಿದ್ಯುತ್ಕಾಂತೀಯ ಗದ್ದಲಕ್ಕೆ ರಾಬಿನ್ ಹಕ್ಕಿಗಳ ದಿಕ್ಸೂಚಿಯೇ ಕೆಡುತ್ತೆ. ಆದರೆ ಆ ಗದ್ದಲ 5 ಮೆಗಾಹರ್ಟ್ಸ್‌ಗಿಂತ ಕೆಳಗಿನದ್ದು, ನಮ್ಮ ಆಕಾಶವಾಣಿಯ ಎಎಂ ರೇಡಿಯೋ ಇರೋ ಪಟ್ಟಿ. ಮೊಬೈಲ್ ಅದಕ್ಕಿಂತ ನೂರಕ್ಕೂ ಹೆಚ್ಚು ಪಟ್ಟು ಮೇಲೆ. ರಾಬಿನ್ ವಲಸೆ ಹೋಗೋ ಹಕ್ಕಿ, ಗುಬ್ಬಿ ಸಾಮಾನ್ಯವಾಗಿ ಹುಟ್ಟಿದ ಬೀದಿಯ ಸುತ್ತಮುತ್ತಲೇ ಬಾಳಿ ಸಾಯೋ ಹಕ್ಕಿ. ಇದನ್ನ ಬಿಡಿಸಿ ಹೇಳೋದಕ್ಕೆ ಎರಡು ನಿಮಿಷ ತಾಳ್ಮೆ ಬೇಕು. "ಮೂರ್ಖರು" ಅನ್ನೋದಕ್ಕೆ ಎರಡು ಸೆಕೆಂಡು ಸಾಕು.

ಸರ್ಕಾರದ ಕಡೆಯೂ ಗೊಂದಲವೇ. ಕೇಂದ್ರ ಪರಿಸರ ಸಚಿವಾಲಯ 2010ರಲ್ಲಿ ನೇಮಿಸಿದ ತಜ್ಞರ ಸಮಿತಿ 900ಕ್ಕೂ ಹೆಚ್ಚು ಪ್ರಬಂಧಗಳನ್ನ ಗುಡ್ಡೆ ಹಾಕಿ, ಪರಿಣಾಮ ಇದೆ ಅನ್ನೋವೆಷ್ಟು, ಇಲ್ಲ ಅನ್ನೋವೆಷ್ಟು ಅಂತ ಎಣಿಸಿತು. ಬಹುಪಾಲು ಪ್ರಬಂಧಗಳು ಮನುಷ್ಯರ ಬಗ್ಗೆ, ಹಕ್ಕಿಗಳ ಬಗ್ಗೆ ಇದ್ದದ್ದು ಸ್ವಲ್ಪವೇ. ಪ್ರಬಂಧಗಳೇನು ಓಟಿನ ಚೀಟಿಗಳಾ ಎಣಿಸೋಕೆ? ತೂಗಿ ನೋಡಬೇಕಾದದ್ದು. ಆಮೇಲೆ ಇದು ಕೋರ್ಟಿಗೂ ಹೋಯಿತು. 2021ರಲ್ಲಿ ಜೂಹಿ ಚಾವ್ಲಾ 5ಜಿ ವಿರುದ್ಧ ದೆಹಲಿ ಹೈಕೋರ್ಟಿಗೆ ಹೋದಾಗ ಅರ್ಜಿ ವಜಾ ಆಗಿ ಇಪ್ಪತ್ತು ಲಕ್ಷ ದಂಡ ಬಿತ್ತು, ಮುಂದಿನ ವರ್ಷ ಅದು ಎರಡು ಲಕ್ಷಕ್ಕೆ ಇಳಿಯಿತು. ಆನ್‌ಲೈನ್ ವಿಚಾರಣೆಯಲ್ಲಿ ಯಾರೋ ಪುಣ್ಯಾತ್ಮ ಆಕೆಯ ಹಳೇ ಸಿನಿಮಾ ಹಾಡು ಹಾಡಿದ್ದೇ ಕೊನೆಗೆ ಎಲ್ಲರ ನೆನಪಲ್ಲಿ ಉಳಿಯಿತು.

ತಮಾಷೆ ಇರಲಿ. ನಮ್ಮ ಲೇಔಟಿನಲ್ಲಿ ಟವರ್ ಬೇಡ ಅಂತ ಸಹಿ ಸಂಗ್ರಹ ನಡೆದಾಗ ಅರ್ಜಿಯ ಮೊದಲ ಸಾಲಿನಲ್ಲೇ ಗುಬ್ಬಚ್ಚಿ ಇತ್ತು. ಟವರ್ ಬರಲಿಲ್ಲ. ಸಿಗ್ನಲ್ ಕ್ಷೀಣ ಇರೋ ಕಡೆ ಟವರನ್ನ ಮುಟ್ಟೋಕೆ ಫೋನು ತಾನೇ ಜೋರಾಗಿ ಕೂಗಬೇಕು, ಅಂದರೆ ಕಿವಿಗೆ ಒತ್ತಿಕೊಂಡ ಯಂತ್ರದಿಂದ ತಲೆಗೆ ಬೀಳೋ ಅಲೆ ಇನ್ನೂ ಹೆಚ್ಚು. ಸಹಿ ಹಾಕಿದವರಿಗೆ ಇದನ್ನ ಯಾರೂ ಹೇಳಿರಲಿಲ್ಲ. ಅದೇ ವರ್ಷ ಅದೇ ಸಂಘ ಪಾರ್ಕಿನ ಹುಲ್ಲು ಕಿತ್ತು ಇಂಟರ್‌ಲಾಕ್ ಕಲ್ಲು ಹಾಸಿತು. ಬೇಲಿಯ ದಾಸವಾಳ ಕಡಿದು ಕಂಪೌಂಡ್ ಕಟ್ಟಿತು. ಸೊಳ್ಳೆ ಹೊಗೆಯ ಗಾಡಿಯನ್ನ ವಾರಕ್ಕೆರಡು ಸಲ ಕರೆಸಿತು. ಇದ್ಯಾವುದಕ್ಕೂ ಗುಬ್ಬಚ್ಚಿ ಹೆಸರಿನಲ್ಲಿ ಒಂದು ಸಹಿಯೂ ಬೀಳಲಿಲ್ಲ. ಗುಬ್ಬಿಯ ವಿಷಯದಲ್ಲಿ ನನಗೆ ಭಯ ಹುಟ್ಟಿಸೋದು ಇದು, ಟವರ್ ಅಲ್ಲ. ಅಪರಾಧಿ ಸಿಕ್ಕಿಬಿಟ್ಟ ಅಂತ ಕೇಸು ಮುಚ್ಚಿದ ಮೇಲೆ, ನಿಜವಾಗಿ ಮನೆ ಕೆಡವಿದವರನ್ನ ಹುಡುಕೋರು ಯಾರು?

ಅದಕ್ಕೇ '2.0' ಬಗ್ಗೆ ನನ್ನ ತೀರ್ಪು ಕೊಂಚ ಕಟುವಾಗಿದೆ. ಗ್ರಾಫಿಕ್ಸ್‌ಗೆ ಪೂರ್ತಿ ಅಂಕ. ಅಕ್ಷಯ್ ಕುಮಾರ್‌ಗೂ ಕೊಡೋಣ. ಆದರೆ ಸಿನಿಮಾ ನೋಡುಗರ ಮನಸ್ಸಿನಲ್ಲಿ ಏಳೋ ಅಪರಾಧಿ ಭಾವವನ್ನ ಒಬ್ಬ ಕಂಪನಿ ಮಾಲೀಕ, ಒಬ್ಬ ಮಂತ್ರಿಯ ತಲೆಗೆ ಕಟ್ಟಿ, ಅವರನ್ನ ಸಾಯಿಸಿ, ನಮ್ಮನ್ನ ಹಗುರವಾಗಿ ಮನೆಗೆ ಕಳಿಸುತ್ತೆ. ಇದೇ ಗುಬ್ಬಿಯ ಬಗ್ಗೆ ಸರಿಯಾದ ಸಿನಿಮಾ ಮಾಡೋಕೆ ಹೊರಟರೆ ವಿಲನ್ ಪಾತ್ರಕ್ಕೆ ಯಾರನ್ನ ಹಾಕ್ತೀರಿ? ಫಾಲ್ಸ್ ಸೀಲಿಂಗ್, ಪಾರ್ಕಿಂಗ್ ಟೈಲ್ಸ್, ಕಾಂಪೌಂಡಿನ ಗ್ರಾನೈಟ್ ಚಪ್ಪಡಿ. ರಜನಿ ಬಂದು ಕನ್ನಡಕ ತಿರುಗಿಸಿ ಹೊಡೆಯೋಣ ಅಂದರೆ ಅವು ಅಲ್ಲಾಡೋದೂ ಇಲ್ಲ, ಡೈಲಾಗೂ ಹೇಳೋದಿಲ್ಲ.